ನಾಲ್ಕನೇ ನಂಬರಿನ ನೀಲಿ

ಗಡ್, ಗಡ್, ಗಡ್ ಎಂದು ಬಟ್ಟೆ ಹಿಂಡುವ ಯಂತ್ರ ಒಂದೇ ಮಗ್ಗುಲಿಗೆ ಕುಂಟತೊಡಗಿತು. ಒದ್ದೆ ಕೋಟುಗಳನ್ನೆಲ್ಲ ಯಾರೋ ಒಂದೇ ಕಡೆ ತುರುಕಿದ್ದಾರೆಂದು ತಿರುಗಿ ನೋಡದೆಯೇ ಒಟೀಲಿಯೆ ಕುಲಿಕೆಗೆ ಗೊತ್ತಾಯಿತು. ಕೈಯಲ್ಲಿದ್ದ ಮರದ ಕೋಲನ್ನು ಬಣ್ಣದ ತೊಟ್ಟಿಯ ಅಂಚಿಗೆ ಒರಗಿಸಿ ಹೋದವಳು ಯಂತ್ರದ ಸೊಂಟಕ್ಕೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು ನಿಲ್ಲಿಸಿದಳು. ಸದ್ದು ಅಡಗಿದ ಮೇಲೆ ಬಾಗಿಲಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಒದೆಯೋ ಚಾಳಿ ಇನ್ನೂ ಬಿಟ್ಟಿಲ್ವಲ್ಲೇ ಟಿಲ್ಲಿ."

ಅಲ್ವೀನ್ ರೋಸ್ಕೆ. ಮೂವತ್ತು ವರ್ಷದ ಹಿಂದೆ ಇದೇ ವೈಸೆನ್ಸೇ ಬಡಾವಣೆಯ ಫಿಲ್ಮು ಕಾರ್ಖಾನೆಯಲ್ಲಿ ಅವಳು ಬಣ್ಣದಲ್ಲಿ ಅದ್ದಿ ತೆಗೆದ ಫಿಲ್ಮನ್ನು ದೊಡ್ಡ ಉರುಳೆಗಳಿಗೆ ಸುತ್ತಿ ಒಣಗಿಸುತ್ತಿದ್ದವನು. ಈಗ ಸರ್ಕಾರದ ಚಿತ್ರಭಂಡಾರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಾನೆ. ಟೋಪಿಯನ್ನು ಎದೆಗೆ ಒತ್ತಿ ಹಿಡಿದು ಮದುವೆಗೆ ಕರೆಯಲು ಬಂದವನ ಹಾಗೆ ನಿಂತಿದ್ದ.

"ಯಾರು ಸತ್ರು?" ಎಂದಳು ಒಟೀಲಿಯೆ. ಈ ಬಣ್ಣದಂಗಡಿಗೆ ಗಂಡಸರು ಟೋಪಿ ತೆಗೆದುಕೊಂಡು ಬರುವುದು ಸೂತಕದ ಕಪ್ಪಿಗೆ. ಯಾವ ಬಣ್ಣದ ಬಟ್ಟೆ ಕೊಟ್ಟರೂ ಮರುದಿನಕ್ಕೆ ಕಪ್ಪಾಗಿ ಸಿಗುತ್ತಿತ್ತು.

"ಯಾರೂ ಸತ್ತಿಲ್ಲ ಮಾರಾಯ್ತಿ. ನಮ್ಮ 'ದೋಣಿಗಾರ' ಮತ್ತೆ ಎದ್ದಿದಾನೆ. ಆ ಹಳೇ ಚಿತ್ರಕ್ಕೆ ಹೊಸ ಪ್ರತಿ ತೆಗೆದಿದಾರೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಟ. ಪ್ಯಾರಿಸ್‌ನಿಂದ, ವಾರ್ಸಾದಿಂದ ಎಲ್ಲ ಜನ ಬರ್ತಾರೆ. ಆ ಕಾಲದ ಕೆಲಸದೋರು ಒಬ್ಬರನ್ನ ವೇದಿಕೆ ಹತ್ತಿಸ್ಬೇಕಂತೆ, ಹೂಗುಚ್ಛ ಕೊಡ್ತಾರಂತೆ. ನಾನು ನಿನ್ ಹೆಸರು ಹೇಳ್ದೆ."

"ನಾನ್ಯಾಕೋ? ಆ್ಯಕ್ಟರುಗಳೆಲ್ಲ ಏನಾದ್ರು?"

"ಅರ್ಧ ಜನ ಮಣ್ಣಲ್ಲಿದಾರೆ, ಅರ್ಧ ಜನ ಅಮೆರಿಕದಲ್ಲಿದಾರೆ. ನನ್ನ ಬಿಟ್ರೆ ಇಲ್ಲಿ ಉಳಿದಿರೋಳು ನೀನೊಬ್ಬಳೇ."

ಅವಳು ನಕ್ಕಳು. ಸಾವಿರದ ಒಂಬೈನೂರ ಐವತ್ತೇಳರ ಆ ಅಕ್ಟೋಬರಿನಲ್ಲಿ ಅವಳಿಗೆ ಐವತ್ತೆಂಟು ವಯಸ್ಸು. ಉಗುರಿನ ಸುತ್ತ ಸದಾ ಯಾವುದೋ ಒಂದು ಬಣ್ಣದ ಗೆರೆ. ಈಚೆಗೆ ಹೆಚ್ಚಾಗಿ ಕಪ್ಪು. ಆದರೆ ಇಸವಿ ಹತ್ತೊಂಬತ್ತರಿಂದ ಇಪ್ಪತ್ತೊಂಬತ್ತರವರೆಗೆ, ಪೂರಾ ಹತ್ತು ವರ್ಷ, ಆ ಗೆರೆ ನೀಲಿಯಾಗಿತ್ತು. ಟ್ರಾಮಿನಲ್ಲಿ ಕಂಬಿ ಹಿಡಿದು ನಿಂತರೆ ಕಂಡಕ್ಟರು ಚೀಟಿ ಕೇಳದೆ, "ಓ, ರಾತ್ರಿ ಮಾಡೋ ಹೆಂಗಸರು ಬಂದ್ರು," ಎಂದು ಇಡೀ ಗಾಡಿಗೆ ಕೇಳುವಂತೆ ಕೂಗುತ್ತಿದ್ದ. ಅದರಲ್ಲಿದ್ದ ಪೋಲಿತನಕ್ಕೆ ಒಟೀಲಿಯೆಯ ಉತ್ತರ ಸಿದ್ಧವಿರುತ್ತಿತ್ತು: "ಹೌದಪ್ಪ, ನಿನ್ ಹೆಂಡ್ತಿ ಹಗಲು ಮಾಡ್ತಾಳೆ, ನೀನು ಮನೇಲಿಲ್ಲದಾಗ."

ರಾತ್ರಿ ಮಾಡುವುದು ನಿಜವೇ ಆಗಿತ್ತು. ಆಗಿನ ಕ್ಯಾಮರಾಕ್ಕೆ ಕತ್ತಲೆ ಕಾಣುತ್ತಿರಲಿಲ್ಲ. ರಾತ್ರಿಯ ದೃಶ್ಯವನ್ನು ನಟ್ಟ ನಡು ಹಗಲಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ತೆಗೆಯುತ್ತಿದ್ದರು. ಆಮೇಲೆ ಆ ತುಂಡು ಒಟೀಲಿಯೆಯ ತೊಟ್ಟಿಗೆ ಬರುತ್ತಿತ್ತು. ಮರದ ಚೌಕಟ್ಟಿಗೆ ಸುತ್ತಿದ ಅರವತ್ತು ಮೀಟರ್ ಫಿಲ್ಮು, ನಾಲ್ಕನೇ ನಂಬರಿನ ನೀಲಿ, ಒಂದು ಸೌಟು ವಿನಿಗರ್ ಹುಳಿ, ಮನಸ್ಸಿನಲ್ಲೇ ನೂರಾ ಎಂಬತ್ತರವರೆಗೆ ಎಣಿಕೆ. ಎತ್ತಿದರೆ ರಾತ್ರಿ. ದೀಪ ಹಚ್ಚಿದ ಕೋಣೆಗೆ ಜೇನುಬಣ್ಣ, ಬೆಳಗಿನ ಜಾವಕ್ಕೆ ಗುಲಾಬಿ, ಬೆಂಕಿಗೆ ಕೆಂಪು. ನೆಗೆಟಿವ್‌ನ ತುಂಡುಗಳನ್ನು ಡಬ್ಬಿಯಲ್ಲಿ ಜೋಡಿಸುತ್ತಿದ್ದುದೂ ಕಥೆಯ ಪ್ರಕಾರವಲ್ಲ, ಬಣ್ಣದ ಪ್ರಕಾರ: ಎಲ್ಲ ರಾತ್ರಿಗಳು ಒಂದು ಡಬ್ಬಿ, ಎಲ್ಲ ದೀಪಗಳು ಒಂದು ಡಬ್ಬಿ. ಪ್ರತಿ ತೆಗೆದು, ಅದ್ದಿ, ಒಣಗಿಸಿದ ಮೇಲೆ ಪಕ್ಕದ ಕೋಣೆಯ ಹೆಂಗಸರು ಅದನ್ನು ಕಥೆಯ ಸಾಲಿಗೆ ತಂದು ಅಂಟಿಸುತ್ತಿದ್ದರು. ಹಾಗೆ ಒಂದೊಂದು ಪ್ರತಿಯೂ ಕೈಯಿಂದಲೇ ಆಗುತ್ತಿತ್ತು. ಹೊಸ ಚಿತ್ರ ಬಂದ ವಾರ ಬಣ್ಣದ ಕೋಣೆಯವರಿಗೆ ಬಿಟ್ಟಿ ಟಿಕೆಟ್ಟು. ಮಜಕ್ಕಲ್ಲ, ನೀಲಿ ಮಾಸಿದೆಯೇ ಎಂದು ನೋಡಿ ಬಂದು ಹೇಳಲಿಕ್ಕೆ.

"ಬರ್ತೀನಿ ಬಿಡು," ಎಂದಳು ರೋಸ್ಕೆಗೆ. "ನನ್ನ ರಾತ್ರಿಗಳು ಹೇಗಿವೆಯೋ ನೋಡ್ಬೇಕು."

ರೋಸ್ಕೆ ಟೋಪಿಯನ್ನು ಒಮ್ಮೆ ತಿರುಗಿಸಿದ. ಏನೋ ಹೇಳಲು ಬಾಯಿ ತೆರೆದವನು, "ಗುರುವಾರ ಮೊದಲೇ ಒಂದಾಟ ಇದೆ, ನಮ್ಮೋರಿಗೆ ಮಾತ್ರ. ಅದಕ್ಕೇ ಬಂದ್ಬಿಡು," ಎಂದಷ್ಟೇ ಹೇಳಿ ಹೋದ.

*

ಗುರುವಾರ ಮಧ್ಯಾಹ್ನ ಚಿತ್ರಭಂಡಾರದ ಚಿಕ್ಕ ಸಭಾಂಗಣದಲ್ಲಿ ಹದಿನೈದು ಜನ ಕೂತಿದ್ದರು. ಹೊಸ ಪ್ರತಿಯ ಹೊಣೆ ಹೊತ್ತಿದ್ದ ಅಲ್ಲಿಯ ಚಿತ್ರವಿದ್ವಾಂಸ ಡಾಕ್ಟರ್ ಹೆಲ್ಮಾರ್ ಟೀಟ್ಸೆ ಬಾಗಿಲಿಗೇ ಬಂದು ಅವಳ ಕೈ ಕುಲುಕಿದರು. ಮೂವತ್ತೈದರ ಆಸುಪಾಸು, ತೆಳ್ಳನೆಯ ಮನುಷ್ಯ, ಅಂಗಿಯ ಕಾಲರು ಕುತ್ತಿಗೆಗಿಂತ ಒಂದು ಬೆರಳು ದೊಡ್ಡದು. ಅವಳನ್ನು ಮುಂದಿನ ಸಾಲಿನಲ್ಲಿ, ವಾರ್ಸಾದಿಂದ ಬಂದಿದ್ದ ಬೊಗ್ನಾ ಎಂಬ ಯುವತಿಯ ಪಕ್ಕ ಕೂರಿಸಿದರು. ಈಕೆಯೂ ಚಿತ್ರ ತೆಗೆಯುತ್ತಾಳೆ, ಮೊದಲ ಕಿರುಚಿತ್ರಕ್ಕೇ ಬಹುಮಾನ ಬಂದಿದೆ ಎಂದು ಪರಿಚಯಿಸಿದರು. ಬೊಗ್ನಾ ಮಾತಾಡಿದ್ದು ಯುದ್ಧದ ವರ್ಷಗಳಲ್ಲಿ ಕಲಿಯಲೇಬೇಕಾಗಿ ಬಂದ ಜರ್ಮನ್. ತಪ್ಪಿಲ್ಲದ, ಪ್ರೀತಿಯಿಲ್ಲದ ಜರ್ಮನ್.

ದೀಪ ಆರಿತು. 'ದೋಣಿಗಾರನ ಏಳನೆಯ ಸವಾರಿ' ಶುರುವಾಯಿತು.

ಒಟೀಲಿಯೆ ಮೊದಲು ಕಣ್ಣುಜ್ಜಿಕೊಂಡಳು. ಆಮೇಲೆ ಕನ್ನಡಕ ಒರೆಸಿಕೊಂಡಳು. ಪರದೆಯ ಮೇಲೆ ಹಗಲು. ಬೋಳು ಬಿಳಿಯ ಆಕಾಶ. ಓರೆಗೋಡೆಯ ಮನೆಗಳ ನಡುವೆ ದೋಣಿಗಾರ ಉರಿಯುವ ಲಾಂದ್ರ ಎತ್ತಿ ಹಿಡಿದು, ತಡಕಾಡುತ್ತ, ಕಂಬಕ್ಕೆ ಹಣೆ ಬಡಿದುಕೊಳ್ಳುತ್ತ ನಡೆಯುತ್ತಿದ್ದಾನೆ. ಅವನ ಕಾಲಡಿ ಗಿಡ್ಡ ನೆರಳು, ನಡು ಮಧ್ಯಾಹ್ನದ ನೆರಳು. ಮಂದಿ ಕಿಟಕಿಗಳನ್ನು ಮುಚ್ಚಿ ಮಲಗಿದ್ದಾರೆ, ಆ ಬಿಸಿಲಲ್ಲಿ. ಕೊನೆಗೆ ಆರು ಸವಾರಿ ಮುಗಿಸಿ, ಏಳನೆಯ ಹೆಣವನ್ನು ದೋಣಿಗೆ ಹಾಕಿಕೊಂಡು, ನದಿಯ ನಡುವೆ ಲಾಂದ್ರ ಆರಿ, ಅವನು ಬೆಂಕಿಕಡ್ಡಿ ಗೀರಿ ಆ ಮುಖ ನೋಡುತ್ತಾನೆ. ಅವನ ಸ್ವಂತ ತಮ್ಮ. ಆದರೆ ಆ ಮುಖ ಕಡ್ಡಿ ಗೀರುವ ಮೊದಲೂ ನಿಚ್ಚಳವಾಗಿಯೇ ಕಾಣುತ್ತಿತ್ತು. ಮೂಗಿನ ಮೇಲಿನ ಮಚ್ಚೆ ಸಮೇತ.

ಇಪ್ಪತ್ತೊಂದರಲ್ಲಿ ಚಿತ್ರದ ಇದೇ ಜಾಗಕ್ಕೆ ಥಿಯೇಟರಿನ ಹೆಂಗಸರು ಹೋ ಎಂದು ಅತ್ತಿದ್ದರು. ಈಗ ಯಾರ ಉಸಿರೂ ಬದಲಾಗಲಿಲ್ಲ.

ದೀಪ ಹತ್ತಿದಾಗ ಡಾಕ್ಟರ್ ಟೀಟ್ಸೆ ಎದ್ದು ನಿಂತರು. ಮಾತು ಸೊಗಸಾಗಿತ್ತು. ನಮ್ಮ ವೈಸೆನ್ಸೇಯ ತಗಡಿನ ಷೆಡ್ಡುಗಳಲ್ಲಿ ಹುಟ್ಟಿದ ಈ ಸೊಟ್ಟ ಬೀದಿಗಳು, ಈ ನಿರ್ದಯ ಕಪ್ಪು ಬಿಳುಪು ಇಲ್ಲಿಗೇ ನಿಲ್ಲಲಿಲ್ಲ ಎಂದರು. ಮೂವತ್ತಮೂರರಲ್ಲಿ ಓಡಿಹೋಗಬೇಕಾದವರು ಇದನ್ನು ಹಡಗು ಹತ್ತಿಸಿ ಕೊಂಡೊಯ್ದರು. ಅಮೆರಿಕದ ಪತ್ತೇದಾರಿ ಚಿತ್ರಗಳ ಒದ್ದೆ ಬೀದಿ, ಗೋಡೆಯ ಮೇಲೆ ಹತ್ತಿ ಬರುವ ನೆರಳು, ಮೆಟ್ಟಿಲಿನ ಮೇಲಿನ ಕೊಲೆಗಾರ ಎಲ್ಲ ಇಲ್ಲಿಯ ಸಂತಾನವೇ ಎಂದರು.

"ಎಲ್ಲಕ್ಕಿಂತ ದೊಡ್ಡದು ಆ ಲಾಂದ್ರ," ಎಂದು ದನಿ ತಗ್ಗಿಸಿದರು. "ಹಾಡಹಗಲಲ್ಲಿ ಉರಿಯೋ ಲಾಂದ್ರ. ಏನನ್ನೂ ಬೆಳಗಿಸದ ಬೆಂಕಿಕಡ್ಡಿ. ಹೊರಗೆ ಬೆಳಕಿದೆ, ಮನುಷ್ಯನ ಒಳಗೆ ಕತ್ತಲಿದೆ. ಯುದ್ಧ ಸೋತ ದೇಶದ ಕುರುಡುತನವನ್ನ ಇದಕ್ಕಿಂತ ಧೈರ್ಯವಾಗಿ ಯಾರು ತೋರಿಸಿದಾರೆ? ನನ್ನ ಪುಸ್ತಕದ ಐದನೇ ಅಧ್ಯಾಯ ಪೂರ್ತಿ ಈ ಕಡ್ಡಿಯ ಮೇಲೇ ಇದೆ. ಬೊಗ್ನಾ ಅವರ ಚಿತ್ರದಲ್ಲಿ ಹೆಂಗಸರು ಮಧ್ಯಾಹ್ನ ಹನ್ನೆರಡಕ್ಕೆ ಲಾಂದ್ರ ಹಿಡಿದು ಸುಟ್ಟ ಊರಲ್ಲಿ ನಡೀತಾರಲ್ಲ, ಅದರ ಅಜ್ಜ ಈ ಲಾಂದ್ರ."

"ರಾತ್ರಿ ಅದು," ಎಂದಳು ಒಟೀಲಿಯೆ.

"ಕ್ಷಮಿಸಿ, ಫ್ರಾವ್ ಕುಲಿಕೆ?"

"ರಾತ್ರಿ ಅಂದೆ. ಅವನು ಲಾಂದ್ರ ಹಿಡಿದಿರೋದು ಕತ್ತಲೆ ಅಂತ. ಕತ್ತಲೇಲಿ ಲಾಂದ್ರ ಹಿಡೀತಾರೆ, ನಿಮ್ಮನೇಲಿ ಏನು ಮಾಡ್ತೀರೋ ಗೊತ್ತಿಲ್ಲ. ನಾನೇ ಅದ್ದಿದ್ದು. ನಾಲ್ಕನೇ ನಂಬರ್ ನೀಲಿ. ನೀವು ಬಟ್ಟೆ ಹಾಕ್ದೆ ಅವನನ್ನ ಬೀದಿಗೆ ಬಿಟ್ಟಿದೀರಿ, ಆಮೇಲೆ ಎಂಥ ಧೈರ್ಯ ಎಂಥ ಧೈರ್ಯ ಅಂತಿದೀರಿ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರರ ಕಿವಿ ಕೆಂಪಾಯಿತು. ಆದರೂ ಸೌಜನ್ಯ ಬಿಡದೆ, "ಬಹಳ ಸ್ವಾರಸ್ಯವಾದ ನೆನಪು," ಎಂದರು. ಜನ ಕಾಫಿಗೆ ಎದ್ದರು.

ಜವೆಗೋಧಿ ಹುರಿದು ಮಾಡಿದ ಕಾಫಿ ಹಿಡಿದು ಬೊಗ್ನಾ ಅವಳ ಬಳಿ ಬಂದಳು. ಕೆನ್ನೆ ಬಿಳಿಚಿಕೊಂಡಿತ್ತು.

"ಹಾಗಾದ್ರೆ ನಾನು ಮಾಡಿದ್ದು ತಪ್ಪಾ? ಓದೋವಾಗ ಬಣ್ಣ ಇಲ್ಲದ ಒಂದು ಹಳೇ ಪ್ರತೀಲಿ ಆ ಲಾಂದ್ರ ನೋಡಿ ಮೂರು ದಿನ ನಿದ್ದೆ ಮಾಡಿರಲಿಲ್ಲ. ಅದಿಲ್ದಿದ್ರೆ ನನ್ನ ಚಿತ್ರವೇ ಇಲ್ಲ."

ಒಟೀಲಿಯೆ ಆ ಹುಡುಗಿಯ ಮುಖ ನೋಡಿದಳು. ಸಿಟ್ಟು ಅಲ್ಲಿಗೆ ತಿರುಗಲು ಒಪ್ಪಲಿಲ್ಲ.

"ನಿನ್ನ ಹೆಂಗಸರು ಮಧ್ಯಾಹ್ನ ನಡೀತಿದಾರೆ ಅಂತ ನಿಂಗೆ ಗೊತ್ತಿತ್ತು ತಾನೇ?"

"ಗೊತ್ತಿತ್ತು. ಅದಕ್ಕೇ ಮಾಡಿದ್ದು."

"ಹಾಗಿದ್ರೆ ಅದು ನಿಂದು ಮಗಳೇ. ಚೆನ್ನಾಗೇ ಇರುತ್ತೆ. ಆದ್ರೆ ನಮ್ಮದು ರಾತ್ರಿ. ನಿನ್ನ ಹಗಲು ಹುಟ್ಟಿದ್ದು ನನ್ನ ರಾತ್ರಿಯ ಹೊಟ್ಟೇಲಿ ಅಂತ ಬೇಕಾದ್ರೆ ಹೇಳು, ನಂಗೆ ಬೇಜಾರಿಲ್ಲ. ರಾತ್ರಿ ಇರಲೇ ಇಲ್ಲ ಅನ್ಬೇಡ."

*

ಆ ರಾತ್ರಿಯನ್ನು ಅವಳೊಬ್ಬಳೇ ಮಾಡಿರಲಿಲ್ಲ. ಇಪ್ಪತ್ತೊಂದರ ಜನವರಿಯಲ್ಲಿ ಆ ಚಿತ್ರದ ಕ್ಯಾಮರಾಮನ್ ಹೆರ್ ಫೆಂಟ್ಸ್ ಪ್ಯಾಂಟಿನ ಕಾಲು ಮಡಚಿಕೊಂಡು, ನೆಲದ ಬಣ್ಣದ ನೀರಿನಲ್ಲಿ ಹೆಜ್ಜೆಯಿಡುತ್ತ ತೊಟ್ಟಿಯ ಬಳಿಗೇ ಬಂದಿದ್ದ. ದೊಡ್ಡವರು ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ವಿನಿಗರ್ ಹುಳಿಯ ವಾಸನೆಗೆ ಕಣ್ಣುರಿಯುತ್ತಿತ್ತು.

"ಕಡ್ಡಿ ಗೀರಿದ ತಕ್ಷಣ ನೀಲಿ ನಿಲ್ಲಬೇಕು, ಜೇನು ಬರಬೇಕು," ಎಂದಿದ್ದ. "ಆದ್ರೆ ಅಡುಗೆಮನೆ ದೀಪದ ಜೇನಲ್ಲ. ಬೇರೆ."

"ಬೇರೆ ಅಂದ್ರೆ ಹೇಗೆ ಸ್ವಾಮಿ?"

ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಬಣ್ಣದ ಕೋಣೆಯಲ್ಲಿ ಬೆಂಕಿ ಕೂಡದು. ಆ ಕಾಲದ ಫಿಲ್ಮು ಕಿಡಿ ತಗುಲಿದರೆ ಸಿಡಿಮದ್ದಿನಂತೆ ಉರಿಯುತ್ತಿತ್ತು. ಅವಳ ತೋಳು ಹಿಡಿದು ಹಿಂದಿನ ಅಂಗಳಕ್ಕೆ ಕರೆದೊಯ್ದ. ಚಳಿಗಾಲದ ಸಂಜೆ ನಾಲ್ಕೂವರೆ, ಹಿಮ ನೀಲಿಗಟ್ಟುತ್ತಿದ್ದ ಹೊತ್ತು. ಕಡ್ಡಿಗೂ ತತ್ವಾರವಿದ್ದ ದಿನಗಳವು. ಮೊದಲನೆಯದನ್ನು ತನ್ನ ಮುಖದ ಬಳಿ ಗೀರಿದ. ಎರಡನೆಯದನ್ನು ಅವಳ ಕೈಗೆ ಕೊಟ್ಟು ಗೀರಿಸಿದ. ಮೂರನೆಯದನ್ನು ಗಾಳಿ ನುಂಗಿತು. ಮುಖದ ಮೇಲೆ ಬಂದ ಆ ಬಣ್ಣಕ್ಕೆ ಅಂಚಿನಲ್ಲಿ ತಾಮ್ರವಿತ್ತು, ನಡುವೆ ಒಂದಿಷ್ಟು ಹಸಿ ಹಳದಿ. "ತಿಳೀತು," ಎಂದಳು ಒಟೀಲಿಯೆ. ಮೂರು ಸಂಜೆ, ಹನ್ನೊಂದು ತುಂಡು ಕೆಡಿಸಿ, ಹನ್ನೆರಡನೆಯದರಲ್ಲಿ ಆ ಬಣ್ಣ ಹಿಡಿದಳು. ಹೆರ್ ಫೆಂಟ್ಸ್ ಒದ್ದೆ ಫಿಲ್ಮನ್ನು ಬಲ್ಬಿಗೆ ಹಿಡಿದು ನೋಡಿ, ತನ್ನ ಊಟದ ಡಬ್ಬಿಯಿಂದ ಹಂದಿಕೊಬ್ಬು ಸವರಿದ ರೊಟ್ಟಿಯ ಅರ್ಧ ಮುರಿದು ಅವಳಿಗೆ ಕೊಟ್ಟಿದ್ದ.

ಮಾತಿನ ಚಿತ್ರ ಬಂತು, ತೊಟ್ಟಿಗಳು ಹೋದವು. ಬಣ್ಣ ಫಿಲ್ಮಿನ ಅಂಚಿನ ಸದ್ದಿನ ಗೆರೆಯನ್ನು ಕೆಡಿಸುತ್ತದೆ ಎಂದರು. ಮೂವತ್ತಮೂರರಲ್ಲಿ ಹೆರ್ ಫೆಂಟ್ಸ್ ಒಂದು ಪೆಟ್ಟಿಗೆ ಹಿಡಿದು ಹೋದ, ಅಮೆರಿಕದಲ್ಲೇ ತೀರಿಕೊಂಡ. ಒಟೀಲಿಯೆ ಬಟ್ಟೆಯ ಬಣ್ಣಕ್ಕೆ ಬಂದಳು. ಯುದ್ಧದಲ್ಲಿ ಸೈನಿಕರ ಕೋಟುಗಳಿಗೆ ಬೂದು ಹಾಕಿದಳು. ಯುದ್ಧ ಮುಗಿದ ಮೇಲೆ ಅದೇ ಕೋಟುಗಳ ಬೂದು ಮುಚ್ಚಲು ಕಂದು ಹಾಕಿದಳು. ಗಂಡನ ಕೋಟು ಮಾತ್ರ ಹಿಂದಿರುಗಲಿಲ್ಲ. ಇದ್ಯಾವುದಕ್ಕೂ ಅವಳು ಯಾರ ಮೇಲೂ ಕೂಗಾಡಿದವಳಲ್ಲ. ಗುರುವಾರ ಮನೆಗೆ ಹೋಗುವಾಗ ಟ್ರಾಮಿನಲ್ಲಿ ಕೂತು ತನ್ನಷ್ಟಕ್ಕೆ ಗೊಣಗಿದ್ದು ಕೇಳಿ ಎದುರಿನ ಸೀಟಿನವನು ಎದ್ದು ಹೋದ.

*

ಶನಿವಾರ ಬೆಳಿಗ್ಗೆ ರೋಸ್ಕೆ ಅವಳನ್ನು ಭಂಡಾರದ ಹಿಂಬಾಗಿಲಿನಿಂದ ಒಳಕ್ಕೆ ಕರೆದೊಯ್ದ.

"ಅಂಗಡಿಗೆ ಬಂದ ದಿನವೇ ಹೇಳ್ಬೇಕಿತ್ತು. ಧೈರ್ಯ ಆಗ್ಲಿಲ್ಲ," ಎಂದು ಮೇಜಿನ ಮೇಲೆ ತುಕ್ಕು ಹಿಡಿದ ಆರು ಡಬ್ಬಿ ಇಟ್ಟ. "ನಾವು ಬಣ್ಣ ಹಾಕಿದ್ದ ಹಳೇ ಪ್ರತಿ. ಊಕರ್‌ಮಾರ್ಕ್ ಕಡೆ ಒಂದು ಹೋಟ್ಲು ಅಟ್ಟದಲ್ಲಿ ಸಿಕ್ಕಿದ್ದು. ನೆಗೆಟಿವ್ ಬಣ್ಣದ ಪ್ರಕಾರ ಚೂರುಚೂರಾಗಿತ್ತಲ್ಲ, ಇದನ್ನ ನೋಡ್ಕೊಂಡೇ ಕಥೆ ಜೋಡಿಸಿದ್ರು. ಜೋಡಿಸಾಯ್ತು, ಇನ್ನಿದು ಬೇಡ್ವಂತೆ."

ಒಟೀಲಿಯೆ ಐದನೇ ಡಬ್ಬಿಯ ಮುಚ್ಚಳ ತೆಗೆದು, ಫಿಲ್ಮಿನ ತುದಿಯನ್ನು ಮೇಜಿನ ಹಾಲುಗಾಜಿನ ದೀಪದ ಮೇಲೆ ಎಳೆದಳು. ನೀಲಿ. ಮೂವತ್ತಾರು ವರ್ಷದ ನೀಲಿ, ಅಂಚಿನಲ್ಲಿ ಸ್ವಲ್ಪ ಸೋತಿತ್ತು, ನಡುವೆ ಇನ್ನೂ ತುಂಬಿಕೊಂಡಿತ್ತು. ನದಿ ಕತ್ತಲಾಗಿತ್ತು. ದೋಣಿಯಲ್ಲಿ ಒಂದು ಆಕಾರ, ಮುಖವಿಲ್ಲ. ಚೌಕದ ಮೇಲೆ ಚೌಕ ಎಳೆಯುತ್ತ ಹೋದಳು, ದೋಣಿಗಾರನ ಕೈ ಕಡ್ಡಿ ಗೀರಿತು, ಅಂಟಿಸಿದ ಗೆರೆ ದಾಟಿತು, ತಾಮ್ರದ ಅಂಚಿನ ಜೇನು ಹೊತ್ತಿಕೊಂಡಿತು. ತಮ್ಮನ ಮುಖ.

ರೋಸ್ಕೆ ಮೂಗು ಸೀಟಿದ.

"ಇದು ಎಲ್ಲಿಗೆ ಹೋಗುತ್ತೋ?" ಎಂದು ಕೇಳಿದಳು ಒಟೀಲಿಯೆ.

"ಸೋಮವಾರ ಲಾರಿ ಬರುತ್ತೆ. ಹಳೇ ಫಿಲ್ಮು ಬೆಂಕಿ ಜಾತಿ, ಪ್ರತಿ ಆದ್ಮೇಲೆ ಇಟ್ಕೊಳ್ಳೋ ಹಾಗಿಲ್ಲ. ಸುಟ್ಟು, ಬೂದಿ ಕರಗಿಸಿ ಬೆಳ್ಳಿ ತೆಗೀತಾರೆ."

ಅವಳು ಕೂತಲ್ಲಿಂದ ಏಳಲಿಲ್ಲ. "ನಿಮ್ಮ ಡಾಕ್ಟರನ್ನ ಕರಿ," ಎಂದಳು.

ಟೀಟ್ಸೆ ಬಂದರು. ಒಟೀಲಿಯೆ ಆ ಜಾಗವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋರಿಸಿದಳು. ನೀಲಿ, ಜೇನು. ನೀಲಿ, ಜೇನು. ಅವರು ಬಗ್ಗಿ ನೋಡಿದರು.

"ನಾನು ನೋಡಿದೀನಿ ಇದನ್ನ," ಎಂದರು.

"ನೋಡಿದೀರಾ? ನೋಡಿಯೂ ಮೊನ್ನೆ ಹಾಗೆ ಮಾತಾಡಿದ್ರಾ?"

"ಫ್ರಾವ್ ಕುಲಿಕೆ, ಬಣ್ಣ ಹಾಕೋದು ಮಾರೋರ ಉಪಾಯ. ಜನಕ್ಕೆ ಬೇಜಾರಾಗದ ಹಾಗೆ ಸಕ್ಕರೆ ಸವರೋದು. ಕಲಾವಿದ ಕೊಟ್ಟಿದ್ದು ಕಪ್ಪು ಬಿಳುಪು. ನಾನು ಆ ಕಲಾವಿದನ ಪರ ನಿಂತಿದೀನಿ."

"ನಿಮ್ಮ ಕಲಾವಿದ ನನ್ನ ತೊಟ್ಟಿ ಪಕ್ಕ ಮೂರು ಸಂಜೆ ನಿಂತಿದ್ದ. ಚಳೀಲಿ ಕಡ್ಡಿ ಗೀರಿ ಬಣ್ಣ ತೋರಿಸಿದ್ದ. ಅವನೇನು ಅಂಗಡಿಯವನಾ?"

"ಅದಕ್ಕೇನಾದ್ರೂ ದಾಖಲೆ ಇದೆಯಾ?"

ಒಟೀಲಿಯೆ ಎದ್ದಳು. ಅವಳೇನೂ ಎತ್ತರದ ಹೆಂಗಸಲ್ಲ. ಆದರೂ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

"ದಾಖಲೆ! ದಾಖಲೆ ಮೇಜಿನ ಮೇಲಿದೆ. ನೀವು ಸೋಮವಾರ ಚಮಚ ಮಾಡೋಕೆ ಕಳಿಸ್ತಿರೋದೇ ದಾಖಲೆ. ಸಾಕ್ಷಿಯನ್ನ ಕರಗಿಸಿ ಆಮೇಲೆ ಸಾಕ್ಷಿ ಎಲ್ಲಿ ಅಂತ ಕೇಳೋದು ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸ್ತಾರೆ ಸ್ವಾಮಿ? ಸೆಟ್ಟಿನ ಗೋಡೆಗೆ ನೆರಳು ಬರೆದೋನು ಕಲಾವಿದ, ಅದೇ ಗೋಡೆಗೆ ರಾತ್ರಿ ಹಾಕಿದೋಳು ಸಕ್ಕರೆ ಸವರೋಳು. ಯಾಕೆ, ನನ್ನ ಕೈ ಒದ್ದೆ ಇತ್ತು ಅಂತಾನಾ?"

ಡಾಕ್ಟರು ಕುರ್ಚಿಯ ಬೆನ್ನು ಹಿಡಿದು ನಿಂತರು. ಆಮೇಲೆ ಮಾತಾಡಿದಾಗ ಅದು ಸಭೆಯ ದನಿಯಾಗಿರಲಿಲ್ಲ.

"ನಂಗೆ ಹದಿನಾರು ವರ್ಷ. ನಮ್ಮಪ್ಪನ ಪುಸ್ತಕಗಳನ್ನೆಲ್ಲ ಪೊಲೀಸರು ಹೊತ್ಕೊಂಡೋಗಿದ್ರು. ಒಬ್ಬ ಮೇಷ್ಟ್ರು ನೆಲಮಾಳಿಗೇಲಿ ಕದ್ದು ಈ ಚಿತ್ರ ತೋರಿಸಿದ್ರು, ಬಣ್ಣ ಇಲ್ಲದ ಮಾಸಿದ ಪ್ರತಿ. ಆ ಬೆಳಗಿಸದ ಕಡ್ಡಿ ನೋಡಿ, ನಾವಿರೋ ಸ್ಥಿತಿ ಇದೇ ಅಲ್ವಾ ಅಂತ ಅನ್ನಿಸಿತ್ತು. ಇಪ್ಪತ್ತು ವರ್ಷ ನಾನು ಬದುಕಿರೋದು ಆ ಕಡ್ಡಿ ಮೇಲೆ, ಫ್ರಾವ್ ಕುಲಿಕೆ."

ಒಟೀಲಿಯೆಗೆ ಅಯ್ಯೋ ಎನಿಸಿತು. ಹಾಗೆ ಅನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಅದು ನಿಮ್ಮ ದುಃಖ, ಸುಳ್ಳಲ್ಲ. ಪುಸ್ತಕದಲ್ಲಿ ಅದನ್ನೇ ಬರೀರಿ. ಅದಕ್ಕೋಸ್ಕರ ಡಬ್ಬಿ ಸುಡಬೇಕಾ?"

"ಸುಡೋದು ನಾನಲ್ಲ, ನಿಯಮ."

"ನಿಯಮಕ್ಕೆ ಯಾರ ಸಹಿ?"

ಕಿಟಕಿಯ ಬಳಿ ನಿಂತಿದ್ದ ರೋಸ್ಕೆ ಹೊರಗಿನ ಅಂಗಳ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಇವರದ್ದೇ," ಎಂದ.

*

ಭಾನುವಾರ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಚರ್ಚಿನಿಂದ ಬಂದವರು, ಚರ್ಚಿಗೆ ಹೋಗದವರು, ಕೊರಳಿಗೆ ಮಫ್ಲರ್ ಸುತ್ತಿದ ಪ್ಯಾರಿಸ್ಸಿನವರು. ಒಟೀಲಿಯೆ ತನ್ನ ಒಂದೇ ಒಂದು ಒಳ್ಳೆಯ ಉಡುಪು, ತಾನೇ ಬಣ್ಣ ಹಾಕಿದ್ದು, ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಳು. ವೇದಿಕೆಯ ಪಕ್ಕದ ಪರದೆಯ ಹಿಂದೆ ಡಾಕ್ಟರ್ ಟೀಟ್ಸೆ ಅವಳ ಕೈಗೆ ಒಂದು ಕಾರ್ಡು ಕೊಟ್ಟರು. ಟೈಪು ಮಾಡಿದ ನಾಲ್ಕು ಸಾಲು: ಕಾರ್ಖಾನೆಯ ಕಷ್ಟದ ದಿನಗಳು, ಇಂದಿನ ಸೌಕರ್ಯ, ಚಿತ್ರಭಂಡಾರಕ್ಕೆ ಕೃತಜ್ಞತೆ, ಶುಭಾಶಯ.

"ಇಷ್ಟನ್ನ ಓದಿದ್ರೆ ಸಾಕು. ಎರಡು ನಿಮಿಷ."

"ಡಬ್ಬಿಗಳ ಕಥೆ ಏನಾಯ್ತು?"

"ಅದನ್ನ ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ಸೋಮವಾರ. ಸೋಮವಾರ ಲಾರಿ." ಅವಳು ಕಾರ್ಡನ್ನು ಮಡಚಿದಳು. "ನಾನು ಅಲ್ಲಿ ಹೋಗಿ ಏನು ಹೇಳ್ತೀನಿ ಗೊತ್ತಾ? ನೀವೆಲ್ಲ ಈಗ ನೋಡೋದು ಹಗಲಲ್ಲ, ರಾತ್ರಿ ಅಂತ. ಅಂಗಿ ಬಿಚ್ಚಿದ ರಾತ್ರಿ. ಅಂಗಿ ಹಿಂದಿನ ಕೋಣೇಲಿದೆ, ಎದ್ದು ಹೋಗಿ ನೋಡಿ ಅಂತ."

"ಫ್ರಾವ್ ಕುಲಿಕೆ, ಪರದೇಶದೋರಿದಾರೆ!"

"ಅವರಿಗೇ ಹೇಳ್ತಿರೋದು. ನಿಮಗೆ ನಿನ್ನೇನೇ ಹೇಳ್ದೆ."

ಡಾಕ್ಟರು ಹಣೆ ಒರೆಸಿಕೊಂಡರು. ವೇದಿಕೆಯ ಮೇಲೆ ಯಾರೋ ಅತಿಥಿಗಳ ಹೆಸರು ಓದುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು. ಬಾಗಿಲ ಬಳಿ ಆ್ಯಸ್ಟರ್ ಹೂವಿನ ಗುಚ್ಛ ಹಿಡಿದು ಬೊಗ್ನಾ ನಿಂತಿದ್ದಳು. ಹೂ ಕೊಡುವ ಕೆಲಸ ಅವಳಿಗೆ ಒಪ್ಪಿಸಿದ್ದರು. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ನೋಡಿ," ಎಂದರು ಟೀಟ್ಸೆ, "ಪುಸ್ತಕದಲ್ಲಿ ಒಂದು ಅಡಿಟಿಪ್ಪಣಿ ಹಾಕ್ತೀನಿ. ನಿಮ್ಮ ಹೆಸರು ಸಮೇತ."

"ನನ್ನ ಹೆಸರು ಯಾರಿಗ್ರೀ ಬೇಕು?"

"ಕಡ್ಡಿ ಗೀರೋ ಜಾಗದ್ದು ಒಂದು ಗೇಣು ಕತ್ತರಿಸಿ, ಗಾಜಿನ ಚೌಕಟ್ಟು ಹಾಕಿಸಿ, ನಿಮಗೇ ನೆನಪಿಗೆ..."

"ಕತ್ತರಿಸಿ!" ಅವಳ ದನಿಗೆ ಪರದೆಯ ಆಚೆ ಮೊದಲ ಸಾಲಿನವರು ತಿರುಗಿದರು. "ಹನ್ನೊಂದು ಸಲ ಕೆಡಿಸಿ ಹನ್ನೆರಡನೇ ಸಲಕ್ಕೆ ಬಂದಿದ್ದು ಅದು. ನೀವು ಕತ್ತರಿ ಹಿಡ್ಕೊಂಡು ನಿಂತಿದೀರಾ?"

"ಮೆಲ್ಲಗೆ, ದಮ್ಮಯ್ಯ. ಸರಿ, ಐದನೇ ಡಬ್ಬಿ ಉಳಿಸೋಣ. ಮಾದರಿಗೆ ಅಂತ ಬರೆಸ್ತೀನಿ. ಒಂದು ಡಬ್ಬಿಗೆ ನಿಯಮದಲ್ಲಿ ಜಾಗ ಇದೆ."

"ಒಂದು ಡಬ್ಬಿಗೆ ಜಾಗ ಇರೋ ನಿಯಮದಲ್ಲಿ ಆರಕ್ಕೆ ಯಾಕಿಲ್ಲ? ಉಳಿದ ಐದರಲ್ಲಿ ಯಾವ ರಾತ್ರೀನ ಸುಡ್ತೀರಿ? ಆರಿಸಿ ಹೇಳಿ, ಕೇಳೋಣ."

ಬೊಗ್ನಾ ಹೂಗುಚ್ಛವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ತಪ್ಪಿಲ್ಲದ ಆ ಜರ್ಮನ್‌ನಲ್ಲಿ ನಿಧಾನವಾಗಿ ಹೇಳಿದಳು: "ಹೆರ್ ಡಾಕ್ಟರ್, ನನಗೂ ಮಾತಾಡೋಕೆ ಐದು ನಿಮಿಷ ಕೊಟ್ಟಿದೀರಿ. ಇವರು ಬಿಟ್ಟಲ್ಲಿಂದ ನಾನು ಮುಂದುವರಿಸ್ತೀನಿ."

"ನೀವೂನಾ? ನಿಮ್ಮ ಚಿತ್ರವೇ ಆ ಹಗಲಿನ ಲಾಂದ್ರದ ಮೇಲೆ ನಿಂತಿದೆ!"

"ನಿಂತಿದೆ. ಬೀಳಲ್ಲ. ಆದ್ರೆ ನಾನು ಏನನ್ನ ತಪ್ಪಾಗಿ ನೋಡಿದ್ದೆ ಅನ್ನೋದನ್ನ ಒಮ್ಮೆ ಸರಿಯಾಗಿ ನೋಡ್ಬೇಕು."

ವೇದಿಕೆಯಿಂದ ಹೆಸರು ಬಂತು. ವೈಸೆನ್ಸೇಯ ಹಳೆಯ ಫಿಲ್ಮು ಕಾರ್ಖಾನೆಯ ಬಣ್ಣದ ವಿಭಾಗದ ಹಿರಿಯ ಕೆಲಸಗಾರ್ತಿ, ಫ್ರಾವ್ ಒಟೀಲಿಯೆ ಕುಲಿಕೆ. ಚಪ್ಪಾಳೆ ಎದ್ದಿತು. ಅವಳು ಕನ್ನಡಕ ಸರಿಪಡಿಸಿಕೊಂಡು ಕಾರ್ಡನ್ನು ಡಾಕ್ಟರರ ಮೇಲ್ಜೇಬಿಗೆ, ಕರವಸ್ತ್ರ ಮಡಚಿ ಇಡುವ ಹಾಗೆ, ನೀಟಾಗಿ ಇಟ್ಟಳು.

"ಎರಡು!" ಎಂದರು ಟೀಟ್ಸೆ ಪಿಸುದನಿಯಲ್ಲಿ, ಅವಳ ತೋಳಿನತ್ತ ಕೈ ಚಾಚಿ. "ಎರಡು ಡಬ್ಬಿ. ನಾಲ್ಕು ಮತ್ತು ಐದು. ಲಾರಿಯವರ ಹತ್ರ ನಾನೇ ಮಾತಾಡ್ತೀನಿ. ಫ್ರಾವ್ ಕುಲಿಕೆ, ಕೇಳಿ ಇಲ್ಲಿ... ಮೂರಾದ್ರೆ ಸರೀನಾ? ಮುಂದಿನ ತಿಂಗಳು ಸಮಿತಿ ಸೇರುತ್ತೆ, ಅಲ್ಲೀವರೆಗೆ ಆರನ್ನೂ ಹೇಗಾದ್ರೂ..."

ಒಟೀಲಿಯೆ ಆಗಲೇ ಪರದೆ ಸರಿಸಿ ಹೊರಗೆ ನಡೆದಿದ್ದಳು.